ತಿಳಿ, ಅರಿ, ಗೊತ್ತು: ನಿಘಂಟಿನ ಕಿಟ್ಟೆಲ್ ಸಾಹೇಬರು



ಇಂಗ್ಲಿಷ್ ಡಿಕ್ಟೇಷನ್ ಕೊಟ್ಟಾಗ ಎಷ್ಟೋ ಜನ ಎಡವುವ ಒಂದು ಕ್ರಿಯಾಪದ ಇದೆ. ಬಾಯಲ್ಲಿ ಹೇಳಿದರೆ ಬರೀ ನೋ. ಇಲ್ಲ ಎನ್ನುವುದಕ್ಕೂ ನೋ, ತಿಳಿ ಎನ್ನುವುದಕ್ಕೂ ನೋ. ಬರೆಯುವಾಗ ಮಾತ್ರ ಎರಡನೆಯದಕ್ಕೆ ಮುಂದೆ ಒಂದು ಕೆ ಹಾಕಬೇಕು, ಹಿಂದೆ ಒಂದು ಡಬ್ಲ್ಯೂ ಹಾಕಬೇಕು. ಕೆ ಎನ್ ಓ ಡಬ್ಲ್ಯೂ. ಉಚ್ಚಾರ ಮಾಡದ ಅಕ್ಷರವನ್ನು ಬರೆಯುವುದು ಯಾಕೆ? ಕೆಲಸ ಮಾಡದವನಿಗೆ ಕೂಲಿ ಕೊಟ್ಟ ಹಾಗೆ ಇದು!

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಾವು ಕನ್ನಡಕ್ಕೇ ಬಂದು ಮುಟ್ಟುತ್ತೇವೆ, ಕನ್ನಡದ ಒಬ್ಬ ದೊಡ್ಡ ಮನುಷ್ಯರ ಹತ್ತಿರ ಬಂದು ನಿಲ್ಲುತ್ತೇವೆ. ಅವರ ಊರು ಜರ್ಮನಿ. ಮನೆಮಾತು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಆದರೆ ಅವರು ಮಾಡಿದ್ದು ಕನ್ನಡ–ಇಂಗ್ಲಿಷ್ ನಿಘಂಟು. ಹೆಸರು ಫರ್ಡಿನಂಡ್ ಕಿಟ್ಟೆಲ್. ಹೆಸರು ಎಲ್ಲರಿಗೂ ಗೊತ್ತು. ಸಾಮಾನ್ಯಜ್ಞಾನದ ಪರೀಕ್ಷೆಯಲ್ಲಿ ಕನ್ನಡ ನಿಘಂಟು ರಚಿಸಿದ ವಿದೇಶಿ ವಿದ್ವಾಂಸ ಯಾರು ಅಂತ ಕೇಳಿದರೆ ಥಟ್ಟನೆ ಹೇಳುತ್ತೇವೆ, ಒಂದು ಅಂಕ ಸಿಗುತ್ತದೆ, ಅಲ್ಲಿಗೆ ಮುಗೀತು. ಆ ಒಂದು ಅಂಕದ ಹಿಂದೆ ಎಷ್ಟು ವರ್ಷದ ದುಡಿಮೆ ಇದೆ ಎಂದು ಈ ಸಲದ ಗೋಡೆ ಪತ್ರಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕಿಟ್ಟೆಲ್ ಅವರು 1832ನೇ ಇಸವಿ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಮೂಲೆಯ ಈಸ್ಟ್ ಫ್ರೀಸಿಯಾ ಎಂಬ ಕಡಲತೀರದ ಸೀಮೆಯಲ್ಲಿ, ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ. ಇಲ್ಲೊಂದು ಕಾಕತಾಳೀಯ ನೋಡಿ. ಅದೇ 1832ರಲ್ಲಿ, ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಇಂಗ್ಲಿಷ್ ಪಾದ್ರಿಯ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾಯಿತು. ರೀವ್ ಸಾಹೇಬರು ಅದಕ್ಕೂ ಮೊದಲೇ, 1824ರಲ್ಲಿ, ಇಂಗ್ಲಿಷ್–ಕನ್ನಡ ನಿಘಂಟನ್ನೂ ತಂದಿದ್ದರು. ಅಂದರೆ ಕಿಟ್ಟೆಲ್ ತೊಟ್ಟಿಲಲ್ಲಿ ಇರುವಾಗಲೇ ಕನ್ನಡಕ್ಕೆ ಒಂದು ನಿಘಂಟು ಇತ್ತು. ಹಾಗಾದರೆ ಇನ್ನೊಂದು ಯಾಕೆ ಬೇಕಾಯಿತು? ಅದನ್ನು ಮುಂದೆ ಹೇಳುತ್ತೇನೆ.

ಶಾಲೆಯಲ್ಲಿ ಹುಡುಗ ಫರ್ಡಿನಂಡನಿಗೆ ಭಾಷೆ ಕಲಿಯುವುದೆಂದರೆ ಆಟ ಇದ್ದಂತೆ. ಲ್ಯಾಟಿನ್, ಗ್ರೀಕ್, ಹೀಬ್ರೂ, ಫ್ರೆಂಚ್, ಇಂಗ್ಲಿಷ್ ಎಲ್ಲ ಕಲಿತರು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಾಸೆಲ್ ಮಿಷನ್ ಸೇರಿದರು. ಆ ಮಿಷನ್ 1834ರಿಂದಲೇ ಮಂಗಳೂರಿನಲ್ಲಿ ನೆಲೆಯೂರಿತ್ತು. 1841ರಲ್ಲಿ ಅಲ್ಲಿ ಮುದ್ರಣಾಲಯ ಹಾಕಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಹೊರಟದ್ದು ಇದೇ ಮಿಷನ್ನಿನ ಮೊಗ್ಲಿಂಗ್ ಸಾಹೇಬರ ಸಂಪಾದಕತ್ವದಲ್ಲಿ. ಇನ್ನೂ ಒಂದು ವಿಷಯ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳ ಮೇಲೆ ಮಂಗಳೂರು ಹೆಂಚು ಇದೆಯಲ್ಲ, ಆ ಹೆಂಚಿನ ಕಾರ್ಖಾನೆಯನ್ನು ಮಂಗಳೂರಿನಲ್ಲಿ 1865ರಲ್ಲಿ ಮೊದಲು ಶುರು ಮಾಡಿದ್ದೂ ಬಾಸೆಲ್ ಮಿಷನ್ನೇ. ತಲೆ ಮೇಲಿನ ಹೆಂಚು, ತಲೆ ಒಳಗಿನ ನಿಘಂಟು ಎರಡೂ ಒಂದೇ ಕಡೆಯಿಂದ ಬಂದವು ಎನ್ನಬಹುದು!

1853ರಲ್ಲಿ ಕಿಟ್ಟೆಲ್ ಹಡಗು ಹತ್ತಿ ಭಾರತಕ್ಕೆ ಬಂದರು. ಆಗ ಅವರಿಗೆ 21 ವರ್ಷ. ಸೂಯೆಜ್ ಕಾಲುವೆ ಇನ್ನೂ ತೋಡಿರಲಿಲ್ಲ (ಅದು ತೆರೆದದ್ದು 1869ರಲ್ಲಿ). ಬಂದದ್ದು ಕ್ರೈಸ್ತ ಧರ್ಮ ಪ್ರಚಾರಕ್ಕೆ, ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಆದರೆ ಬಂದ ಮೇಲೆ ಅವರ ಮನಸ್ಸು ಹಿಡಿದದ್ದು ಕನ್ನಡ ನುಡಿ. ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರು ಇವೇ ಅವರು ಹೆಚ್ಚಾಗಿ ವಾಸ ಮಾಡಿದ ಊರುಗಳು. ಹಳ್ಳಿಗಳನ್ನು ನಡೆದು ಸುತ್ತುವುದು, ಜನರ ಮಾತು ಕೇಳುವುದು, ಗಾದೆ ಬರೆದುಕೊಳ್ಳುವುದು, ಪಂಡಿತರ ಹತ್ತಿರ ಕೂತು ಹಳಗನ್ನಡ ಓದುವುದು ಇವರ ಅಭ್ಯಾಸ. ಮಿಷನ್ನಿನ ಹಿರಿಯರಿಗೆ ಇದು ಅಷ್ಟು ಹಿಡಿಸುತ್ತಿರಲಿಲ್ಲ. ಕಳಿಸಿದ ಕೆಲಸ ಬಿಟ್ಟು ಜೈನ ಕವಿಗಳ ತಾಳೆಗರಿ ಓದುತ್ತಾ ಕೂತರೆ ಯಾರಿಗೆ ಸಿಟ್ಟು ಬರುವುದಿಲ್ಲ? ಸಹೋದ್ಯೋಗಿಗಳ ಜೊತೆ ಅವರಿಗೆ ಅಷ್ಟಾಗಿ ಹೊಂದಿಕೆ ಆಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಹೊಂದಿಕೆ ಆಗದೇ ಇದ್ದದ್ದು ಕನ್ನಡಕ್ಕೆ ಲಾಭವೇ ಆಯಿತು.

1860ರಲ್ಲಿ ಪೌಲೀನ್ ಎಂಬವರ ಜೊತೆ ಮದುವೆಯಾಯಿತು. ನಾಲ್ಕೇ ವರ್ಷದಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. ಮುಂದೆ ಅವರು ಪೌಲೀನರ ತಂಗಿ ಜೂಲಿಯವರನ್ನು ಮದುವೆಯಾದರು. ಆ ದುಃಖದ ದಿನಗಳ ನಡುವೆಯೂ ಕೆಲಸ ಮಾತ್ರ ನಿಲ್ಲಲಿಲ್ಲ. 1862ರಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಕಥಾಮಾಲೆ ಎಂದು ಬರೆದಿದ್ದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಕೇಶಿರಾಜ 13ನೇ ಶತಮಾನದವನು, ಹಳಗನ್ನಡಕ್ಕೆ ವ್ಯಾಕರಣ ಬರೆದವನು. ಈ ಕೇಶಿರಾಜನೇ ಕಿಟ್ಟೆಲ್ ಅವರಿಗೆ ನಿಜವಾದ ಮೇಷ್ಟ್ರು ಎನ್ನಬೇಕು.

ಈಗ ಪದಗಳ ವಿಷಯಕ್ಕೆ ಬರೋಣ. ಸ್ವಲ್ಪ ನಿಧಾನವಾಗಿ ಓದಿ.

ಅರಿ ಎಂದರೆ ಏನು? ತಿಳಿ ಅಂತ ಹೇಳ್ತೀರಿ. ಸರಿ. ಅರಿವು, ಅರಿತುಕೊ, ಅರಿಯದ ಮಗು ಎಲ್ಲ ಅದರಿಂದಲೇ ಬಂದವು. ಆದರೆ ಹಳೆಯ ಕಾವ್ಯದಲ್ಲಿ ಯೋಧನೊಬ್ಬ ವೈರಿಯ ತಲೆಯನ್ನು ಅರಿದ ಎಂದು ಬರುತ್ತದೆ. ತಲೆಯನ್ನು ತಿಳಿದ ಎಂದು ಅರ್ಥ ಮಾಡಿದರೆ ನಗೆಪಾಟಲು. ಅಲ್ಲಿ ಅರಿ ಎಂದರೆ ಕತ್ತರಿಸು. ಗದ್ದೆ ಕೊಯ್ಲಿನಲ್ಲಿ ಕೊಯ್ದ ಪೈರನ್ನು ಹಿಡಿ ಹಿಡಿಯಾಗಿ ಹಾಕುವುದಕ್ಕೆ ಕೆಲವು ಕಡೆ ಅರಿ ಹಾಕುವುದು ಅಂತಾರಲ್ಲ, ಅದು ಈ ಎರಡನೇ ಅರಿ. ಒಂದೇ ಅಕ್ಷರ, ಒಂದೇ ಉಚ್ಚಾರ, ಅರ್ಥ ಮಾತ್ರ ಬೇರೆ ಬೇರೆ. ಇದು ಹೇಗೆ ಆಯಿತು?

ಮೊದಲು ಅವು ಒಂದೇ ಆಗಿರಲಿಲ್ಲ ಮಾರಾಯ್ರೇ! ಹಳಗನ್ನಡದಲ್ಲಿ ಎರಡು ಅಕ್ಷರ ಹೆಚ್ಚು ಇದ್ದವು. ಒಂದು ಱ, ಇದಕ್ಕೆ ಶಕಟರೇಫ ಎಂದು ಹೆಸರು, ಒತ್ತಿ ಹೇಳುವ ಗಡುಸಾದ ರ. ಇನ್ನೊಂದು ೞ, ಇದು ರಳ, ನಾಲಿಗೆಯನ್ನು ಹಿಂದಕ್ಕೆ ಮಡಚಿ ಹೇಳುವಂಥದ್ದು. ತಿಳಿ ಎಂಬ ಅರ್ಥದ್ದು ಅಱಿ. ಕತ್ತರಿಸು ಎಂಬ ಅರ್ಥದ್ದು ಅರಿ. ಕೇಳಿದವರಿಗೂ ಓದಿದವರಿಗೂ ಗೊಂದಲವೇ ಇರಲಿಲ್ಲ. ಹಾಗೇ ಆಳ್ ಎಂದರೆ ರಾಜ್ಯ ಆಳುವುದು, ಆೞ್ ಎಂದರೆ ನೀರಲ್ಲಿ ಮುಳುಗುವುದು. ಕಾಲ ಕಳೆದಂತೆ ಜನರ ನಾಲಿಗೆ ಸುಲಭದ ದಾರಿ ಹಿಡಿಯಿತು. ಱ ಹೋಗಿ ರ ಆಯಿತು, ೞ ಹೋಗಿ ಳ ಆಯಿತು. ಕೇಶಿರಾಜನ ಕಾಲಕ್ಕೇ ೞ ಬಾಯಿಂದ ಜಾರಿ ಹೋಗುತ್ತಿತ್ತು. ಅದಕ್ಕೇ ಅವನು ಯಾವ ಯಾವ ಪದಕ್ಕೆ ೞ ಬರೆಯಬೇಕು ಎಂದು ಪಟ್ಟಿಯನ್ನೇ ಕೊಟ್ಟ. ಕನ್ನಡದ ಮೊದಲ ಸ್ಪೆಲ್ಲಿಂಗ್ ಪಟ್ಟಿ ಅದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ!

ಆ ೞ ಧ್ವನಿ ಹೇಗಿತ್ತು ಅಂತ ಕೇಳಬೇಕಾದರೆ ನಮ್ಮ ಕಡೆ ಬಂದು ನೆಲೆಸಿರುವ ಮಲಯಾಳಿಗಳ ಬಾಯಲ್ಲಿ ಅವರ ಊರುಗಳ ಹೆಸರು ಹೇಳಿಸಿ. ಕೋೞಿಕ್ಕೋಡ್, ಆಲಪ್ಪುೞ. ಅವರು ಹೊಳೆಗೆ ಪುೞ ಅಂತಾರೆ. ಹಳಗನ್ನಡದಲ್ಲಿ ಅದು ಪೊೞೆ, ಈಗ ನಮ್ಮ ಬಾಯಲ್ಲಿ ಹೊಳೆ. ಅವರ ಮೞ ನಮ್ಮ ಹಳೆಯ ಮೞೆ, ಈಗಿನ ಮಳೆ. ಆಗುಂಬೆಯಲ್ಲಿ ಹುಯ್ಯುವುದೂ ಅದೇ ಮಳೆ! ಬಾಳೆ, ಕೋಳಿ ಇವುಗಳಲ್ಲೂ ಮೊದಲು ೞ ಇತ್ತು.

ಈಗ ಇಂಗ್ಲಿಷಿನ ನೋಗೆ ವಾಪಸ್ ಬರೋಣ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಅದು ಕ್ನಾವನ್. ಕೆ ಚೆನ್ನಾಗಿ ಕೇಳುತ್ತಿತ್ತು. ಮಂಡಿಗೆ ಹೇಳುವ ನೀ, ಚಾಕುವಿನ ನೈಫ್, ಗಂಟಿನ ನಾಟ್ ಎಲ್ಲದರಲ್ಲೂ ಮುಂದಿನ ಕೆ ನುಡಿಯುತ್ತಿದ್ದರು. 1476ರಲ್ಲಿ ಕ್ಯಾಕ್ಸ್ಟನ್ ಎಂಬವನು ಇಂಗ್ಲೆಂಡಿನಲ್ಲಿ ಅಚ್ಚುಕೂಟ ಶುರು ಮಾಡಿದ. ಪುಸ್ತಕ ಅಚ್ಚಾಗುತ್ತಾ ಆಗುತ್ತಾ ಸ್ಪೆಲ್ಲಿಂಗ್ ಗಟ್ಟಿಯಾಯಿತು. ಆಮೇಲೆ, ಸುಮಾರು 300–400 ವರ್ಷದ ಹಿಂದೆ, ಜನ ಕೆ ಹೇಳುವುದನ್ನು ಬಿಟ್ಟರು. ಬಾಯಿ ಬದಲಾಯಿತು, ಪುಸ್ತಕ ಬದಲಾಗಲಿಲ್ಲ. ಜರ್ಮನರು ಮಾತ್ರ ಇಂದಿಗೂ ಮಂಡಿಗೆ ಕ್ನೀ ಅಂತಲೇ ಹೇಳುತ್ತಾರೆ. ಕಿಟ್ಟೆಲ್ ಅವರ ತಾಯ್ನುಡಿಯಲ್ಲಿ ಆ ಕೆ ಸತ್ತೇ ಇಲ್ಲ. ತಿಳಿ ಎಂಬುದಕ್ಕೆ ಅವರದು ಕೆನ್ನೆನ್, ಇಂಗ್ಲಿಷಿನ ನೋಗೆ ಹತ್ತಿರದ ನೆಂಟ. ಇನ್ನೂ ದೂರದ ನೆಂಟ ಯಾರು ಗೊತ್ತಾ? ಸಂಸ್ಕೃತದ ಜ್ಞಾ! ಜ್ಞಾನ, ವಿಜ್ಞಾನ, ಅಜ್ಞಾನ ಎಲ್ಲ ಅದೇ ಕುಟುಂಬ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಇದೇ ತರಹದ ಹೋಲಿಕೆ ನೋಡಿ. ಹಾಗಾಗಿ ಆ ಸುಮ್ಮನಿರುವ ಕೆ ನಮ್ಮ ಜ್ಞಾನದ ಜಕಾರಕ್ಕೆ ಅಣ್ಣನೋ ತಮ್ಮನೋ ಆಗಬೇಕು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಇಂಗ್ಲಿಷಿನವರು ಧ್ವನಿ ಹೋದರೂ ಅಕ್ಷರ ಇಟ್ಟುಕೊಂಡರು. ನಾವು ಧ್ವನಿ ಹೋದ ಮೇಲೆ ಅಕ್ಷರವನ್ನೂ ಬಿಟ್ಟೆವು. ಅವರ ಮಕ್ಕಳಿಗೆ ಡಿಕ್ಟೇಷನ್ ಕಷ್ಟ, ನಮ್ಮ ಮಕ್ಕಳಿಗೆ ಹಳಗನ್ನಡ ಕಷ್ಟ. ಯಾವುದು ಮೇಲು? ನಮ್ಮದೇ ಮೇಲು ಅಂತ ನನ್ನ ವಾದ, ದಿನಾ ಬರೆಯುವವರಿಗೆ ಸುಲಭ ತಾನೆ ಬೇಕಾದ್ದು. ಗುರುಗಳು ಒಪ್ಪದೇ ಇರಬಹುದು. ಆದರೆ ಬಿಟ್ಟ ಅಕ್ಷರವನ್ನು ಎಲ್ಲೋ ಒಂದು ಕಡೆ ಯಾರಾದರೂ ಬರೆದಿಡಬೇಕು. ಇಲ್ಲದಿದ್ದರೆ ಅಱಿ ಯಾವುದು, ಅರಿ ಯಾವುದು ಎಂದು ಹೇಳುವವರೇ ಇರುವುದಿಲ್ಲ. ಆಗ ಪಂಪ, ರನ್ನರ ಸಾಲುಗಳು ನಮಗೆ ಬೇರೆ ದೇಶದ ಭಾಷೆಯಾಗುತ್ತವೆ.

ಕಿಟ್ಟೆಲ್ ಮಾಡಿದ್ದು ಅದನ್ನೇ. ರೀವ್ ಅವರ ನಿಘಂಟು ಇದ್ದರೂ ಇನ್ನೊಂದು ಬೇಕಾದದ್ದು ಇದಕ್ಕೇ. ಕಿಟ್ಟೆಲ್ಲರ ನಿಘಂಟಿನಲ್ಲಿ ಱ, ೞ ಎರಡೂ ತಮ್ಮ ತಮ್ಮ ಜಾಗದಲ್ಲಿ ಅಚ್ಚಾಗಿವೆ. ಪದ ಯಾವ ಮೂಲದ್ದು ಎಂಬ ಗುರುತಿದೆ. ಸಂಸ್ಕೃತದಿಂದ ರೂಪ ಬದಲಾಯಿಸಿಕೊಂಡು ಬಂದ ತದ್ಭವವೋ (ಕಾರ್ಯ ಹೋಗಿ ಕಜ್ಜ ಆದ ಹಾಗೆ), ಮರಾಠಿಯಿಂದ ಬಂದದ್ದೋ, ಹಿಂದೂಸ್ತಾನಿಯಿಂದ ಬಂದದ್ದೋ ಎಂದು ಸಣ್ಣ ಅಕ್ಷರದ ಸಂಕೇತಗಳಲ್ಲಿ ತೋರಿಸಿದ್ದಾರೆ. ಅಚ್ಚ ಕನ್ನಡ ಪದವಾದರೆ ತಮಿಳು, ತೆಲುಗು, ಮಲಯಾಳ, ತುಳುವಿನಲ್ಲಿ ಅದರ ಅಕ್ಕತಂಗಿಯರು ಯಾರು ಎಂದು ಕೊಡುತ್ತಾರೆ. ಅಱಿ ತಮಿಳಿನಲ್ಲೂ ಮಲಯಾಳದಲ್ಲೂ ಅಱಿಯೇ. ಹೋಗು, ಹಾಲು, ಹಾಡು ಎಂದು ಹ ಅಕ್ಷರದಲ್ಲಿ ಹುಡುಕಿದರೆ ಪ ಅಕ್ಷರದ ಕಡೆ, ಪೋಗು, ಪಾಲ್, ಪಾಡು ಕಡೆ ನಮ್ಮನ್ನು ಕಳಿಸುತ್ತಾರೆ. ಹಳೆಯ ಪಕಾರ ಹೊಸಗನ್ನಡದಲ್ಲಿ ಹಕಾರ ಆದದ್ದು ಹೀಗೆ ಪುಟ ಮಗುಚುವಾಗಲೇ ತಿಳಿದುಹೋಗುತ್ತದೆ. ಪ್ರಯೋಗ ತೋರಿಸಲು ಹಳೆಯ ಕಾವ್ಯ ಮಾತ್ರ ಅಲ್ಲ, ಜನರ ಗಾದೆಗಳನ್ನೂ ಕೊಟ್ಟಿದ್ದಾರೆ. ಪಂಡಿತರ ಪದಕ್ಕೂ ಅಡುಗೆಮನೆಯ ಪದಕ್ಕೂ ಅವರಲ್ಲಿ ಪಂಕ್ತಿಭೇದ ಇಲ್ಲ. ನಿಘಂಟಿನಲ್ಲಿ ನನಗೆ ಅತ್ಯಂತ ಇಷ್ಟವಾದ ಗುಣ ಇದು.

ಇಂಗ್ಲಿಷಿನ ಒಂದು ನೋಗೆ ಕನ್ನಡದಲ್ಲಿ ಎಷ್ಟು ಪದ ಇವೆ ಎಂದು ಎಣಿಸಿದರೆ ಆಶ್ಚರ್ಯ ಆಗುತ್ತದೆ. ಅರಿ ಒಂದಾಯ್ತು. ತಿಳಿ ಎರಡನೆಯದು. ತಿಳಿ ಎಂದರೆ ನಿಜವಾಗಿ ಏನು? ತಿಳಿನೀರು, ತಿಳಿಸಾರು ಎನ್ನುತ್ತೇವೆ. ಮಳೆಗಾಲದಲ್ಲಿ ಹಳ್ಳ ಕೆಂಪಗೆ ಕದಡಿ ಹರಿಯುತ್ತದೆ. ಆ ನೀರನ್ನು ಚೆಂಬಿನಲ್ಲಿ ಹಿಡಿದು ಇಟ್ಟರೆ ಸ್ವಲ್ಪ ಹೊತ್ತಿಗೆ ಮಣ್ಣು ಕೆಳಗೆ ಕೂತು ಮೇಲೆ ತಿಳಿಯಾಗುತ್ತದೆ. ಮನಸ್ಸಿನಲ್ಲಿ ಹಾಗೆ ಆದರೆ ತಿಳಿಯಿತು ಎನ್ನುತ್ತೇವೆ. ಯಾರೋ ನಮ್ಮ ಹಿರಿಯರು, ಓದು ಬರಹ ಬಾರದವರೂ ಇರಬಹುದು, ಎಷ್ಟು ಚೆಂದದ ಪದ ಮಾಡಿಟ್ಟಿದ್ದಾರೆ! ಮೂರನೆಯದು ನಾವು ದಿನಾ ಆಡುವ ಗೊತ್ತು. ಗೊತ್ತು ಎಂದರೆ ಗುರುತು ಮಾಡಿದ ಜಾಗ, ನಿಶ್ಚಯವಾದದ್ದು. ಗೊತ್ತುಗುರಿ ಇಲ್ಲದವನು, ದಿನ ಗೊತ್ತುಪಡಿಸು ಎನ್ನುವಾಗ ಆ ಹಳೆಯ ಅರ್ಥ ಈಗಲೂ ಇದೆ. ನನಗೆ ಗೊತ್ತು ಎಂದರೆ ಅದು ನನ್ನಲ್ಲಿ ಒಂದು ಜಾಗದಲ್ಲಿ ನಿಂತಿದೆ ಎಂದ ಹಾಗೆ. ನೋಡಿ, ಗೊತ್ತು ಎಂಬುದು ಕ್ರಿಯಾಪದದ ಹಾಗೆ ನಡೆಯುವುದೂ ಇಲ್ಲ. ತಿಳಿದನು, ಅರಿತನು ಅಂತಾರೆ, ಗೊತ್ತಿದನು ಅಂತ ಯಾರಾದರೂ ಅಂತಾರಾ? ಗೊತ್ತಾಯ್ತು, ಗೊತ್ತಿದೆ ಎಂದು ಇನ್ನೊಂದು ಕ್ರಿಯಾಪದದ ಕೈ ಹಿಡಿದೇ ನಡೆಯಬೇಕು.

ಹೀಗೆ ಒಂದೊಂದು ಪದವನ್ನೂ ಕೂರಿಸಿ, ಎಬ್ಬಿಸಿ, ಅದರ ಕುಲಗೋತ್ರ ಕೇಳಿ, ಸುಮಾರು 70,000 ಪದಗಳಿಗೆ ಕಿಟ್ಟೆಲ್ ಇಂಗ್ಲಿಷಿನಲ್ಲಿ ಅರ್ಥ ಬರೆದರು. ದಿನಕ್ಕೆ 20 ಪದದಂತೆ ಒಂದು ದಿನವೂ ರಜೆ ಇಲ್ಲದೆ ಬರೆದರೂ 3,500 ದಿನ, ಅಂದರೆ ಒಂಬತ್ತೂವರೆ ವರ್ಷ ಬೇಕು. ಅದು ಬರೀ ಬರೆಯುವ ಲೆಕ್ಕ. ಹುಡುಕುವುದು, ಕೇಳುವುದು, ತಾಳೆ ನೋಡುವುದು, ತಿದ್ದುವುದು ಬೇರೆ. ಅವರಿಗೆ ಒಟ್ಟು ಎರಡು ದಶಕದಷ್ಟು ಕಾಲ ಹಿಡಿಯಿತು. ಕಂಪ್ಯೂಟರ್ ಇಲ್ಲ, ಟೈಪ್ ಮಾಡುವ ಅನುಕೂಲ ಇಲ್ಲ, ರಾತ್ರಿ ಕೆಲಸಕ್ಕೆ ಎಣ್ಣೆ ದೀಪ. ಊರಿನ ಪಂಡಿತರು, ಓದು ಬಲ್ಲವರು ಸಹಾಯ ಮಾಡಿದರು. ಅವರನ್ನು ನಾವು ನೆನೆಯುವುದೇ ಇಲ್ಲ.

1877ರಲ್ಲಿ ಕಿಟ್ಟೆಲ್ ಜರ್ಮನಿಗೆ ಮರಳಿದರು. ಅಲ್ಲೇ ಕೂತು ಬರೆದು ಮುಗಿಸಬಹುದಿತ್ತು. ಆದರೆ ಪದದ ಅರ್ಥ ಸಂಶಯ ಬಂದರೆ ಅಲ್ಲಿ ಯಾರನ್ನು ಕೇಳುವುದು? ಕನ್ನಡ ಇರುವುದು ಕನ್ನಡದವರ ಬಾಯಲ್ಲಿ. 1883ರಲ್ಲಿ, 51ನೇ ವಯಸ್ಸಿನಲ್ಲಿ, ಪುನಃ ಹಡಗು ಹತ್ತಿ ಬಂದರು. ಒಂಬತ್ತು ವರ್ಷ ಇದ್ದು, 1892ರಲ್ಲಿ ಹಿಂತಿರುಗಿ ಹೋದರು. ಎರಡು ವರ್ಷದ ನಂತರ, 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ. ಮೊಳೆ ಜೋಡಿಸುವವರು ಕನ್ನಡ ಮೊಳೆ, ಒತ್ತಕ್ಷರದ ಮೊಳೆ, ಇಂಗ್ಲಿಷ್ ಮೊಳೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೈಯಿಂದ ಕೂರಿಸಬೇಕಿತ್ತು. ನಾವು ಈ ಗೋಡೆ ಪತ್ರಿಕೆಯ ಒಂದು ಹಾಳೆ ದುಂಡಗೆ ಬರೆಯಲು ಎಷ್ಟು ಒದ್ದಾಡುತ್ತೇವೆ ಅಂತ ನೆನೆಸಿಕೊಂಡರೆ ಅವರ ಕಷ್ಟ ಅರ್ಥವಾದೀತು.

ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟಕ್ಕೆ ಅವರು ಸುಮ್ಮನಾಗಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ದೊಡ್ಡ ಕನ್ನಡ ವ್ಯಾಕರಣ ಬರೆದರು. ಅದು ಅಚ್ಚಾದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. 71 ವರ್ಷ ಆಗಿತ್ತು. ಮರುವರ್ಷದ ಡಿಸೆಂಬರಿನಲ್ಲಿ ನಮ್ಮ ಕುಪ್ಪಳಿಯ ಕುವೆಂಪು ಹುಟ್ಟಿದರು.

ಕಿಟ್ಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದ್ರಾಸ್ ವಿಶ್ವವಿದ್ಯಾಲಯದಿಂದ 1968ರಿಂದ 1971ರ ಒಳಗೆ ನಾಲ್ಕು ಸಂಪುಟವಾಗಿ ತಂದರು. ಕನ್ನಡ ಸಾಹಿತ್ಯ ಪರಿಷತ್ತು ಕನ್ನಡ–ಕನ್ನಡ ಬೃಹತ್ ನಿಘಂಟನ್ನು ಎಂಟು ಸಂಪುಟಗಳಲ್ಲಿ ಹೊರತಂದಿತು, ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ. ಒಬ್ಬ ಮನುಷ್ಯ ಹಾಕಿದ ದಾರಿಯಲ್ಲಿ ವಿದ್ವಾಂಸರ ದೊಡ್ಡ ಗುಂಪು ನಡೆಯಿತು. ಆದರೂ ಮೆಟ್ಟುಗತ್ತಿ, ಕೊಟ್ಟೆ, ಚೊಗರು, ಕೊನೆಗಾರ ಈ ನಮ್ಮ ಅಡಿಕೆ ತೋಟದ ಪದಗಳಿಗೆ ನಮ್ಮ ಕಡೆಯವರು ಕೊಡುವ ಅರ್ಥ ಎಲ್ಲ ನಿಘಂಟಿನಲ್ಲೂ ಸಿಕ್ಕೀತು ಎಂದು ಹೇಳುವಂತಿಲ್ಲ. ಅಜ್ಜ ಅಜ್ಜಿಯಂದಿರನ್ನು ಕೇಳಿ ಬರೆದು ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಒಂದು ಕಾಲಂ ಹಾಕೋಣ.

ಬೆಂಗಳೂರಿಗೆ ಹೋದವರು ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಮೇಯೋ ಹಾಲ್ ಹತ್ತಿರ ಕಿಟ್ಟೆಲ್ ಅವರ ಪ್ರತಿಮೆ ನೋಡಬಹುದು. ಅಷ್ಟು ದೂರ ಹೋಗಲು ಆಗದವರು ಸಾಗರದ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯಕ್ಕಾದರೂ ಹೋಗಿ ಬನ್ನಿ, ಅಲ್ಲಿ ಹಳೆಯ ತಾಳೆಗರಿಗಳಿವೆ. ಹಳೆಯ ಬರಹ ಎದುರಾದಾಗ ಱ ಎಲ್ಲಿದೆ, ೞ ಎಲ್ಲಿದೆ ಎಂದು ಕಣ್ಣು ಹಾಕಿ. ಕಂಡವರು ಬಂದು ಹೇಳಿ.